ಮನಸ್ಸಿಗೂ ಮುಯ್ಯಾಳು

ಒಳ್ಳೆಯ ಗುಣದಿಂದ ಕೆಡುಕಾಗುವುದುಂಟೆ? ಉಂಟು ಎಂದರೆ ಹಿರಿಯರು ಹುಬ್ಬೇರಿಸಿಯಾರು. ಆದರೆ ದೊಡ್ಡಬಳ್ಳಾಪುರದ ನೇಕಾರರ ನಡುವೆ ಬಾಳಿದ ನನಗೆ, ಮನುಷ್ಯನನ್ನು ಎತ್ತಿ ನಿಲ್ಲಿಸಿದ ಗುಣವೇ ಅವನ ಮನಸ್ಸು ಕುಸಿದಾಗ ಅವನನ್ನು ಅದುಮಿ ಹಿಡಿಯಬಲ್ಲದೆಂದು ಮನವರಿಕೆಯಾಗಿದೆ.

ನಮ್ಮ ಬೀದಿಯಲ್ಲಿ ಮರ್ಯಾದೆಯೆಂದರೆ ಎರಡೇ ಮಾತು: ಹಿಡಿದ ಕೆಲಸ ಬಿಡಬಾರದು, ಆಡಿದ ಮಾತಿಗೆ ತಪ್ಪಬಾರದು. ವಿದ್ಯುತ್ ಮಗ್ಗಗಳ ಸದ್ದಿನೊಡನೆ ಬೆಳಗಾಗುವ ಊರಿದು. ಎಳೆ ಕಡಿದರೆ ಮಗ್ಗವನ್ನು ನಿಲ್ಲಿಸಿ ಗಂಟು ಹಾಕುವುದು ನೇಕಾರನಿಗೆ ಸಹಜ. ತನ್ನ ಮನಸ್ಸಿನ ಎಳೆ ಕಡಿದಾಗ ಮಾತ್ರ ನಿಲ್ಲುವುದಕ್ಕೆ ಅವನಿಗೆ ನಾಚಿಕೆ.

ನಮ್ಮ ನೆರೆಯಲ್ಲಿ ಹಿರಿಯರೊಬ್ಬರಿದ್ದಾರೆ. ನಾಲ್ಕು ಮಗ್ಗಗಳ ಒಡೆಯರು. 2020ರ ಲಾಕ್‌ಡೌನಿನಲ್ಲಿ ಮಗ್ಗಗಳು ಮೌನವಾದವು, ನೇಯ್ದ ಸೀರೆಗಳು ಮನೆಯಲ್ಲೇ ಉಳಿದವು. ಮುಂದೆ ಮಗ್ಗಗಳು ಮತ್ತೆ ಆಡತೊಡಗಿದರೂ ಅವರ ಮನಸ್ಸು ಮೊದಲಿನಂತಾಗಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ, ಮುದ್ದೆ ರುಚಿಸದು, ಮೊಮ್ಮಗು ನಕ್ಕರೆ ನಗು ಬಾರದು. ‘ನಾನು ಸೋಮಾರಿಯಾದೆ, ಸಾಲ ಕೊಟ್ಟವರಿಗೆ ಮೋಸ ಮಾಡುತ್ತಿದ್ದೇನೆ’ ಎಂಬುದೊಂದೇ ಜಪ. ಲೆಕ್ಕದ ಪುಸ್ತಕ ತೆರೆದು ನೋಡಿದರೆ ಒಂದು ಕಂತೂ ತಪ್ಪಿರಲಿಲ್ಲ!

ಇಲ್ಲಿಯೇ ಸೂಕ್ಷ್ಮವಿರುವುದು. ಖಿನ್ನತೆಗೆ ಸ್ವಂತ ಭಾಷೆಯಿಲ್ಲ. ರೋಗಿಯ ಮೌಲ್ಯಗಳ ಭಾಷೆಯನ್ನೇ ಅದು ಕಡ ತರುತ್ತದೆ. ದುಡಿಮೆಯನ್ನು ಪೂಜಿಸುವವನಿಗೆ ‘ನೀನು ಸೋಮಾರಿ’ ಎನ್ನುತ್ತದೆ. ದೈವಭಕ್ತನಿಗೆ ‘ನೀನು ಪಾಪಿ’ ಎನ್ನುತ್ತದೆ. ಮಕ್ಕಳಿಗಾಗಿಯೇ ಬದುಕಿದ ತಾಯಿಗೆ ‘ನೀನು ಅವರಿಗೆ ಹೊರೆ’ ಎನ್ನುತ್ತದೆ. ತಾವೇ ನಂಬಿದ ನುಡಿಯಲ್ಲಿ ಬಂದ ಸುಳ್ಳಾದುದರಿಂದ ಅದು ಅವರಿಗೆ ನಿಜವೆಂದೇ ತೋರುತ್ತದೆ. ಸುತ್ತಲಿನವರೋ, ‘ಎಂಥ ಸಹನೆ! ಒಂದು ದಿನವೂ ಗೊಣಗಿದವರಲ್ಲ’ ಎಂದು ಹೊಗಳಿ, ಇದ್ದ ಬಾಯಿಗೂ ಬೀಗ ಹಾಕುತ್ತಾರೆ.

ಕೊನೆಗೆ ಮಗಳು ಹಟ ಹಿಡಿದು ವೈದ್ಯರಲ್ಲಿಗೆ ಕರೆದೊಯ್ದಳು. ಆ ವೈದ್ಯರು ಮರ್ಯಾದೆಯನ್ನು ಬಿಟ್ಟುಬಿಡಿ ಎನ್ನಲಿಲ್ಲ. ಗುಳಿಗೆ ಗುಣ ತೋರಲು ಕೆಲವು ವಾರ ಬೇಕೆಂದು ತಿಳಿಸಿ, ಒಂದು ಪ್ರಶ್ನೆ ಕೇಳಿದರಂತೆ: ‘ಮಗ್ಗದ ಮೋಟಾರು ಸುಟ್ಟರೆ ನೇಕಾರನನ್ನು ಸೋಮಾರಿ ಎನ್ನುವಿರಾ, ಯಜಮಾನರೇ?’ ಹಿರಿಯರು ಅಂದು ಉತ್ತರ ಕೊಡಲಿಲ್ಲ. ಆದರೆ ಗುಳಿಗೆಯನ್ನು ನಿಲ್ಲಿಸಲಿಲ್ಲ. ಮಾತು ಕೊಟ್ಟಿದ್ದರಲ್ಲ!

ಬೆಂಗಳೂರಿನಲ್ಲಿ 1954ರಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ನಮ್ಮೂರಿಗೆ ಬೆಂಗಳೂರು ಸುಮಾರು 40 ಕಿಲೋಮೀಟರು. ಬಸ್ಸಿಗೆ ಅದೇನು ದೂರವಲ್ಲ. ನಾಚಿಕೆಗೆ ಮಾತ್ರ ಬಲು ದೂರ. ಹೊರಡಲಾರದವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿಯೂ ಇದೆ. 14416ಕ್ಕೆ ಹಗಲಿರಲಿ ಇರುಳಿರಲಿ ಕರೆ ಮಾಡಿ, ಖರ್ಚಿಲ್ಲದೆ, ಕನ್ನಡದಲ್ಲೇ ದುಃಖ ತೋಡಿಕೊಳ್ಳಬಹುದು.

ನೆರವು ಕೇಳುವುದು ನಮ್ಮ ಸೀಮೆಯ ಮರ್ಯಾದೆಗೆ ಹೊರಗಿನದೇನೂ ಅಲ್ಲ. ಸುತ್ತಣ ಹಳ್ಳಿಗಳ ಹಿರಿಯರು ರಾಗಿ ಕೊಯ್ಲಿಗೆ ಮುಯ್ಯಾಳು ಕರೆದೇ ಬಾಳಿದವರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಾಗೆ ಕರೆದವನನ್ನು ಯಾರೂ ಹೇಡಿಯೆನ್ನಲಿಲ್ಲ. ಕರೆದಾಗ ಹೋಗದವನನ್ನೇ ಊರು ಹಳಿಯುತ್ತಿತ್ತು. ಹೊಲಕ್ಕೆ ಸಲ್ಲುವ ಈ ನ್ಯಾಯ ಮನಸ್ಸಿಗೂ ಸಲ್ಲಬೇಡವೆ?