ಮುಂದಿನ್ದು ಯಾವಾಗ ಬತ್ತದ?

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಈಗ ಸ್ವಂತ ಗಾಡಿ ಬಿಡುವುದಿಲ್ಲ. ತಪ್ಪಲಿನಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. 2025ರ ಶ್ರಾವಣದ ಒಂದು ಶನಿವಾರ ಆ ಬಸ್ಸಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು. ಮುಂದೆ ನಿಂತಿದ್ದ ಹುಡುಗನೊಬ್ಬನ ಅಂಗಿಯ ಮೇಲೆ ಕಪ್ಪು ಮುಸುಕಿನ ಸ್ಪೈಡರ್‌ಮ್ಯಾನ್ ಚಿತ್ರವಿತ್ತು. ಅಷ್ಟು ಸಾಕಾಯಿತು. ನನ್ನ ಮೊಮ್ಮಗನಿಗೂ ಅವನಿಗೂ ಸ್ನೇಹವಾಗಿ, ಸ್ನೇಹದ ಹಿಂದೆಯೇ ಜಗಳವೂ ಶುರುವಾಯಿತು.

ಜಗಳ 2023ರ ಜೂನ್ 1ರಂದು ನಮ್ಮ ದೇಶದಲ್ಲಿ ಬಿಡುಗಡೆಯಾದ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಬಗ್ಗೆ. ಅದು ಎರಡನೇ ಭಾಗ. ಕತೆಯ ನಾಯಕ ಮೈಲ್ಸ್ ಎಂಬ ಹುಡುಗ. ಸ್ಪೈಡರ್‌ಮ್ಯಾನ್ ಆದವನು ತನಗೆ ಹತ್ತಿರದ ಒಬ್ಬ ಪೊಲೀಸ್ ಅಧಿಕಾರಿಯನ್ನು ಕಳೆದುಕೊಳ್ಳಲೇಬೇಕು, ಅದು ವಿಧಿ, ತಪ್ಪಿಸಲು ಹೋದರೆ ಲೋಕವೇ ಕುಸಿಯುತ್ತದೆ ಎಂದು ಉಳಿದ ಸ್ಪೈಡರ್‌ಮ್ಯಾನ್‌ಗಳು ಅವನಿಗೆ ಹೇಳುತ್ತಾರೆ. ಮೈಲ್ಸ್‌ನ ಅಪ್ಪನೇ ಪೊಲೀಸ್. ಹುಡುಗ ಆ ವಿಧಿಯನ್ನು ಒಪ್ಪದೆ ಓಡುತ್ತಾನೆ, ಓಡಿ ಬೇರೆ ಯಾವುದೋ ಲೋಕದಲ್ಲಿ ಸಿಕ್ಕಿಬೀಳುತ್ತಾನೆ. ಸಿನಿಮಾ ಅಲ್ಲಿಗೇ ನಿಲ್ಲುತ್ತದೆ.

‘ಉಳಿಸೇ ಉಳಿಸ್ತನ’ ಎಂದ ನನ್ನ ಮೊಮ್ಮಗ. ‘ಉಳಿಸಿದ್ರ ಲೋಕಾನೇ ಹಾಳಾಯ್ತದ, ಅದೂ ಬ್ಯಾಡ್ವಾ?’ ಎಂದ ಆ ಹುಡುಗ. ಬಸ್ಸು ಬಂದು, ಹತ್ತಿ ಕೂತರೂ ಇಬ್ಬರೂ ಬಿಡಲಿಲ್ಲ. ಮುಂದಿನ ಭಾಗ 2024ರ ಮಾರ್ಚ್‌ನಲ್ಲೇ ಬರುತ್ತದೆಂದು ಮೊದಲು ಸಾರಿದ್ದರು. ಈಗ ಅದು 2027ಕ್ಕೆ ಹೋಗಿದೆ. ಅಪ್ಪ ಉಳಿದನೋ ಇಲ್ಲವೋ ಎಂದು ತಿಳಿಯಲು ಈ ಮಕ್ಕಳು ನಾಲ್ಕು ವರ್ಷ ಕಾಯಬೇಕು. ಅಷ್ಟರಲ್ಲಿ ಅವರಿಗೆ ಮೀಸೆ ಮೂಡಿರುತ್ತದೆ.

ನಾನೂ ಹೀಗೆ ಕಾದವನು. ನಮ್ಮದು ಹಂಗಳದ ಪಕ್ಕದ ಊರು, ನಾನು ಹುಟ್ಟಿದ್ದು 1960ರಲ್ಲಿ. ನಮಗೆ ಸ್ಪೈಡರ್‌ಮ್ಯಾನ್ ಎಂಬ ಹೆಸರೇ ಗೊತ್ತಿರಲಿಲ್ಲ. ನಮಗಿದ್ದವನು ಸಿಐಡಿ 999. 1968ರಲ್ಲಿ ದೊರೆ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆಯಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಎಲ್ಲದರಲ್ಲೂ ಅಣ್ಣೋರೇ. ಬೇಡರ ಕಣ್ಣಪ್ಪನಾಗಿ, ಕನಕದಾಸನಾಗಿ, ರಣಧೀರ ಕಂಠೀರವನಾಗಿ ನಮ್ಮ ಹಿರಿಯರ ಕೈ ಮುಗಿಸಿಕೊಂಡಿದ್ದ ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದಿದ್ದರು. ನಮ್ಮವ್ವನಿಗೆ ಅದು ಹಿಡಿಸಲಿಲ್ಲ. ನಮಗೆ, ಹುಡುಗರಿಗೆ, ಅದಕ್ಕಿಂತ ದೊಡ್ಡದು ಇನ್ನೊಂದಿರಲಿಲ್ಲ. ಅವರ ಊರು ಗಾಜನೂರು ತಾಳವಾಡಿಯ ಕಡೆ, ನಕಾಶೆಯಲ್ಲಿ ತಮಿಳುನಾಡು. ಆದರೂ ಅಣ್ಣೋರು ನಮ್ಮ ಸೀಮೆಯವರು ಎಂಬುದರಲ್ಲಿ ಚಾಮರಾಜನಗರದ ಕಡೆಯ ಯಾರಿಗೂ ಅನುಮಾನ ಬಂದದ್ದಿಲ್ಲ.

ಈಗಿನವರು ನಂಬುವುದಿಲ್ಲ, ನಮ್ಮ ಪಾಲಿಗೆ ಎರಡನೆಯದು ಮೊದಲು ಬಂತು, ಮೊದಲನೆಯದು ಆಮೇಲೆ. ಬೆಂಗಳೂರು, ಮೈಸೂರಿನಲ್ಲಿ ಓಡಿ ಮುಗಿದ ಮೇಲೆ ಸವೆದ ಪ್ರಿಂಟು ತಿಂಗಳುಗಟ್ಟಲೆ ತಿರುಗಿ ಗುಂಡ್ಲುಪೇಟೆಯ ಟೆಂಟಿಗೆ ತಲುಪುತ್ತಿತ್ತು. ಯಾವ ಪೆಟ್ಟಿಗೆ ಯಾವಾಗ ಸಿಕ್ಕಿತೋ ಅದೇ ಸಿನಿಮಾ. ಹಾಗಾಗಿ ನಾವು ಗೋವಾವನ್ನು ನೋಡಿ ಒಂದು ವರ್ಷ ಕಳೆದ ಮೇಲೆ ಜೇಡರ ಬಲೆ ಕಂಡೆವು. ಯಾರಿಗೂ ತೊಡಕಾಗಲಿಲ್ಲ. ಒಂದರ ಕತೆ ಇನ್ನೊಂದಕ್ಕೆ ಅಂಟಿಕೊಂಡಿರಲಿಲ್ಲ. ಪ್ರತಿ ಸಲವೂ ಕಳ್ಳರು ಬೇರೆ, ನಾಯಕಿ ಬೇರೆ. ಮೊದಲನೆಯದಕ್ಕೆ ಜಯಂತಿ, ಎರಡನೆಯದಕ್ಕೆ ಲಕ್ಷ್ಮಿ, ಮೂರನೆಯದಕ್ಕೆ ರೇಖಾ. ಆಗಿನ್ನೂ ಹಿಂದಿ ಚಿತ್ರರಂಗದಲ್ಲಿ ಹೆಸರು ಮಾಡಿರದ, ಅದೇ ರೇಖಾ. ಅಣ್ಣೋರ ನಂಬರು ಮಾತ್ರ ಬದಲಾಗುತ್ತಿರಲಿಲ್ಲ.

ಟೆಂಟಿನ ದಿನಗಳನ್ನು ಚಂದ ಮಾಡಿ ಹೇಳುವವರು ಬಹಳ. ನಾನು ಕಂಡದ್ದು ಹೀಗೆ. ನೆಲದ ಟಿಕೆಟ್ಟು ನಾಲ್ಕಾಣೆ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ‘ನಮೋ ವೆಂಕಟೇಶ’ ಹಾಡು ಕೇಳಿದರೆ ಸಿನಿಮಾ ಶುರುವಾಗುತ್ತದೆಂದು ಅರ್ಥ, ಓಡಬೇಕು. ಒಂದೇ ಮಷೀನು, ರೀಲು ಮುಗಿದಾಗೆಲ್ಲ ದೀಪ. ಮಳೆ ಬಂದರೆ ಮಾತು ಕೇಳುತ್ತಿರಲಿಲ್ಲ. ಹೊಡೆದಾಟದ ನಡುವೆ ಪ್ರಿಂಟು ಹರಿದು, ಅಂಟಿಸಿದ ಜಾಗದಲ್ಲಿ ಅಣ್ಣೋರು ಈ ಗೋಡೆಯಿಂದ ಆ ಗೋಡೆಗೆ ಕಣ್ಣೆವೆ ಮುಚ್ಚುವುದರೊಳಗೆ ಹಾರಿರುತ್ತಿದ್ದರು. ಅದು ಅವರ ಶಕ್ತಿಯೆಂದೇ ನಾನು ಎಷ್ಟೋ ದಿನ ತಿಳಿದಿದ್ದೆ. ಹೆಂಗಸರು ಬರುತ್ತಿದ್ದುದು ಭಕ್ತಿಯ ಸಿನಿಮಾಕ್ಕೆ, ಸಿಐಡಿಗಲ್ಲ. ಇನ್ನೊಂದನ್ನೂ ಹೇಳಬೇಕು. ನಮ್ಮ ಕಡೆಯ ಹೋಟೆಲುಗಳಲ್ಲಿ ಕೆಲವರಿಗೆ ಲೋಟ ಬೇರೆ ಇದ್ದ ಕಾಲ ಅದು. ಟೆಂಟಿನ ನೆಲದಲ್ಲಿ ದೀಪ ಆರಿದ ಮೇಲೆ ಆ ಲೆಕ್ಕ ನಡೆಯುತ್ತಿರಲಿಲ್ಲ. ದೀಪ ಹತ್ತಿದಾಗ ಕೆಲವರು ಸರಿದು ಕೂರುತ್ತಿದ್ದುದನ್ನೂ ನೋಡಿದ್ದೇನೆ.

ಸೆಕೆಂಡ್ ಶೋ ಬಿಟ್ಟ ಮೇಲೆ ಊರಿಗೆ ಎರಡು ಗಂಟೆಯ ನಡಿಗೆ. ಆನೆಯ ಭಯಕ್ಕೆ ಹದಿನೈದಿಪ್ಪತ್ತು ಜನ ಗುಂಪಾಗಿ, ಪಂಜು ಹಿಡಿದು, ಗಟ್ಟಿಯಾಗಿ ಮಾತಾಡುತ್ತಾ ನಡೆಯಬೇಕಿತ್ತು. ಮಾತೆಂದರೆ ಸಿನಿಮಾವೇ. ನಮ್ಮ ಚಿಕ್ಕಪ್ಪ ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ಮೈಸೂರಿನಲ್ಲಿ ನಮಗಿಂತ ಮುಂಚೆ ನೋಡಿರುತ್ತಿದ್ದ. ಯಾವುದು ಹೆಚ್ಚು, ಜೇಡರ ಬಲೆಯೋ ಗೋವಾವೋ ಎಂಬ ವಾದ ಹಂಗಳದ ಕೆರೆ ಬರುವವರೆಗೂ ನಡೆಯುತ್ತಿತ್ತು. ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಿದ್ದರು: ‘ಮುಂದಿನ್ದು ಯಾವಾಗ ಬತ್ತದ?’ ಚಿಕ್ಕಪ್ಪ ತಾನೇ ಆ ಸಿನಿಮಾ ತೆಗೆಯುವವನಂತೆ ‘ಬತ್ತದ ಬುಡ್ಲಾ’ ಎನ್ನುತ್ತಿದ್ದ.

ಬರುವವರೆಗೆ ಸುಮ್ಮನೆ ಕೂರಲಿಲ್ಲ ನಾವು. ಬೆಟ್ಟದ ಬುಡದಲ್ಲಿ ದನ ಮೇಯಿಸುತ್ತಾ ಮುಂದಿನದನ್ನು ನಾವೇ ಮಾಡಿದೆವು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿ ಕಾಡಿನೊಳಗಿನ ಮೇವಿಗೆ ತಡೆ ಬೀಳುವ ಮುಂಚಿನ ಮಾತು ಇದು. ಬಿದಿರಿನ ತುಂಡು ಪಿಸ್ತೂಲು. ಕಳ್ಳರ ಅಡ್ಡೆ ಬೆಟ್ಟದ ಅರ್ಧದಲ್ಲಿ ಚಾಚಿಕೊಂಡ ಒಂದು ಬಂಡೆ. ಬೆಳಗ್ಗೆ ಮಂಜು ಮುಚ್ಚಿದಾಗ ಆ ಬಂಡೆ ಇರುವುದಿಲ್ಲ, ಹತ್ತು ಗಂಟೆಗೆ ಮಂಜು ಸರಿದಾಗ ಇರುತ್ತದೆ. ಅದಕ್ಕಿಂತ ಒಳ್ಳೆಯ ಅಡ್ಡೆ ಗೋವಾದಲ್ಲಿಯೂ ಇರಲಿಲ್ಲ. 999 ಯಾರಾಗಬೇಕೆಂದು ದಿನಾ ಹೊಡೆದಾಟ. ಗೆದ್ದವನ ದನವನ್ನೂ ಸೋತವರು ಕಾಯಬೇಕು. ನಮ್ಮ ಕತೆಯಲ್ಲಿ ಕಳ್ಳರು ಕದ್ದದ್ದು ವಜ್ರವಲ್ಲ, ಗೋಪಾಲಸ್ವಾಮಿಯ ಕೊಳಲು.

ನಾಲ್ಕನೆಯದು ಬರಲು ಒಂಬತ್ತು ವರ್ಷ ಹಿಡಿಯಿತು. ‘ಆಪರೇಷನ್ ಡೈಮಂಡ್ ರಾಕೆಟ್’, 1978. ಹಳೆಯವು ಕಪ್ಪು ಬಿಳುಪು, ಇದು ಬಣ್ಣದ್ದು. ಅಣ್ಣೋರು ಇಂಗ್ಲಿಷಿನಲ್ಲಿ ಹಾಡಿದ್ದರು. ಮೈಸೂರಿನ ಥಿಯೇಟರಿನಲ್ಲಿ ಕಾಲೇಜು ಹುಡುಗರು ಆ ಹಾಡಿಗೆ ಎದ್ದು ಕುಣಿದರು. ನನಗೆ ಹದಿನೆಂಟು, ಟಿಕೆಟ್ಟಿಗೆಂದು ದುಡ್ಡು ಕೂಡಿಟ್ಟು ಹೋಗಿದ್ದೆ, ಕುಣಿಯಲಾಗಲಿಲ್ಲ. ಸಿನಿಮಾದ ತಪ್ಪು ಎನ್ನಲಾರೆ. ಅಣ್ಣೋರಿಗೆ ಆಗ 49. ನಡುವೆ 1971ರಲ್ಲಿ ‘ಕಸ್ತೂರಿ ನಿವಾಸ’, 1972ರಲ್ಲಿ ‘ಬಂಗಾರದ ಮನುಷ್ಯ’ ಬಂದು ಹೋಗಿದ್ದವು. ‘ಬಂಗಾರದ ಮನುಷ್ಯ’ದ ರಾಜೀವಪ್ಪ ಬಂಡೆ ಒಡೆದು ನೀರು ತಂದದ್ದನ್ನು ನೋಡಿ ನಮ್ಮೂರಲ್ಲಿ ಇಬ್ಬರು ಸಾಲ ಮಾಡಿ ಬಾವಿ ತೋಡಿಸಿದ್ದರು. ಒಬ್ಬರಿಗೆ ನೀರು ಬಂತು, ಇನ್ನೊಬ್ಬರಿಗೆ ಬರಲಿಲ್ಲ, ಅವರ ಹೊಲ ಸಾಲಕ್ಕೆ ಹೋಯಿತು. ಆ ಸಿನಿಮಾದ ಕೊನೆಯಲ್ಲಿ ರಾಜೀವಪ್ಪ ಎಲ್ಲ ಬಿಟ್ಟು ಹೊರಟುಹೋಗುತ್ತಾನೆ. ಎಲ್ಲಿಗೆ ಹೋದ, ಮತ್ತೆ ಬರುತ್ತಾನಾ ಎಂದು ನಮ್ಮವ್ವ ವರ್ಷಗಟ್ಟಲೆ ಕೇಳಿದಳು. ಊರವರು ನಿಜವಾಗಿ ಕಾದದ್ದು ಆ ಮುಂದಿನ ಭಾಗಕ್ಕೆ. ಅದನ್ನು ಯಾರೂ ತೆಗೆಯಲಿಲ್ಲ. ಪಿಸ್ತೂಲಿನ 999 ಮರಳಿ ಬರುವ ಹೊತ್ತಿಗೆ ನಮಗೆ ಬೇಕಾದವನೇ ಬೇರೆಯಾಗಿದ್ದ.

ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿದ ಮೇಲೆ ಸಿನಿಮಾದ ಪೆಟ್ಟಿಗೆಗಳಿಗೆ ಲಗೇಜ್ ಟಿಕೆಟ್ ಹರಿದುಕೊಟ್ಟವನು ನಾನೇ. ತಗಡಿನ ಪೆಟ್ಟಿಗೆ, ಮೇಲೆ ಸುಣ್ಣದಲ್ಲಿ ಬರೆದ ಹೆಸರು. ಕೈಯಿಂದ ಕೈಗೆ ಟಾಪಿಗೆ ಏರಿಸುವಾಗ ಒಳಗೆ ಯಾರಿದ್ದಾರೆಂದು ಒಂದು ಗಳಿಗೆ ಯೋಚಿಸುತ್ತಿದ್ದೆ.

2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಯಿಂದ ಅಣ್ಣೋರನ್ನು ಕಾಡಿಗೆ ಒಯ್ದ. ಅವರ ವಯಸ್ಸು 71. ನಮ್ಮ ಕಡೆಯವರಿಗೆ ವೀರಪ್ಪನ್ ಪತ್ರಿಕೆಯಲ್ಲಿ ಓದುವ ಹೆಸರಾಗಿರಲಿಲ್ಲ. 1997ರಲ್ಲಿ ಬಂಡೀಪುರದ ಅಂಚಿನಿಂದಲೇ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ, ಸೇನಾನಿಯವರನ್ನು ಒಯ್ದು ಹದಿನಾಲ್ಕು ದಿನ ಇಟ್ಟುಕೊಂಡಿದ್ದ. ಅವನ ಕಡೆಯವರೆಂದು ಪೊಲೀಸರು ಎಳೆದುಕೊಂಡು ಹೋದ ಬಡವರನ್ನೂ ಕಂಡಿದ್ದೆವು. ಆದರೂ ಅಂದು ಬೆಳಗ್ಗೆ ಡಿಪೋದಲ್ಲಿ ಸುದ್ದಿ ಕೇಳಿದಾಗ ನನಗೆ ಮೊದಲು ಬಂದ ಯೋಚನೆ, ಅಣ್ಣೋರು ಹೇಗೆ ಸುಮ್ಮನೆ ಹೋದರು ಎಂಬುದು. ನಲವತ್ತು ವರ್ಷದವನು ನಾನು, ಮಕ್ಕಳ ತಂದೆ. ಒಳಗೆ ಎಲ್ಲೋ 999 ಇನ್ನೂ ಇದ್ದ. ಅದನ್ನು ಆವತ್ತು ಯಾರೊಂದಿಗೂ ಹೇಳಲಿಲ್ಲ.

ಮೊದಲ ದಿನಗಳಲ್ಲಿ ತಮಿಳುನಾಡಿನ ಕಡೆ ಬಸ್ಸುಗಳು ನಿಂತವು. ಮತ್ತೆ ಶುರುವಾದಾಗ ಹತ್ತಿದವರೆಲ್ಲ ಟಿಕೆಟ್ಟಿಗಿಂತ ಮುಂಚೆ ‘ಏನಾರ ಗೊತ್ತಾಯ್ತ?’ ಎನ್ನುತ್ತಿದ್ದರು. ನಮ್ಮವ್ವ ಬೆಟ್ಟಕ್ಕೆ ಹರಕೆ ಕಟ್ಟಿಕೊಂಡಳು. 108 ದಿನಗಳ ನಂತರ, ನವೆಂಬರ್ 15ರಂದು ಬಿಡುಗಡೆಯಾಯಿತು. ಅವ್ವ ಆ ವಯಸ್ಸಿನಲ್ಲಿ ಬೆಟ್ಟವನ್ನು ನಡೆದು ಹತ್ತಿ ತುಪ್ಪದ ದೀಪ ಹಚ್ಚಿ ಬಂದಳು. 2006ರ ಏಪ್ರಿಲ್ 12ರಂದು ಅಣ್ಣೋರು ತೀರಿಕೊಂಡಾಗ ಅವಳಿರಲಿಲ್ಲ.

ಮೊಮ್ಮಗನ ಕಾಲಕ್ಕೆ ಬರುತ್ತೇನೆ. ಅವನಿಗೆ ಹತ್ತಾಗಿದ್ದಾಗ, 2021ರ ಅಕ್ಟೋಬರ್ 29ರಂದು, ಅಣ್ಣೋರ ಕಿರಿಯ ಮಗ ಪುನೀತ್ ಹೋದರು. ನಮ್ಮ ಜಿಲ್ಲೆಯ ಪ್ರವಾಸೋದ್ಯಮದ ರಾಯಭಾರಿಯಾಗಿದ್ದವರು. ಮರುವರ್ಷ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬದಂದು ‘ಜೇಮ್ಸ್’ ಬಂತು, ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ತೆರೆಯ ಮೇಲೆ ತಮ್ಮ, ಕಿವಿಗೆ ಅಣ್ಣ. ಹುಡುಗ ಅತ್ತ. ಒಂದು ತಿಂಗಳೂ ಆಗಿರಲಿಲ್ಲ, ಏಪ್ರಿಲ್ 14ರಂದು ‘ಕೆಜಿಎಫ್: ಚಾಪ್ಟರ್ 2’. ದೇಶವೆಲ್ಲ ಒಂದೇ ದಿನ ನೋಡಿತು. ಬೆಂಗಳೂರಿನವನಿಗೂ ಹಂಗಳದವನಿಗೂ ನಡುವೆ ಇದ್ದ ಆ ತಿಂಗಳುಗಟ್ಟಲೆಯ ಅಂತರ ಅಳಿಸಿಹೋಗಿತ್ತು. ಇದು ಒಳ್ಳೆಯದೇ. ಸವೆದ ಪ್ರಿಂಟಿನ ಕಾಲಕ್ಕೆ ನನ್ನ ಮೊಮ್ಮಗನನ್ನು ಕರೆದೊಯ್ಯುವ ಆಸೆ ನನಗಿಲ್ಲ. ಆ ಸಿನಿಮಾದ ಕೊನೆಗೆ ನಾಯಕ ರಾಕಿ ಹಡಗು, ಚಿನ್ನದ ಸಮೇತ ಸಮುದ್ರದಲ್ಲಿ ಮುಳುಗುತ್ತಾನೆ. ನಾನು ಎದ್ದೆ. ಮೊಮ್ಮಗ ಕೈ ಹಿಡಿದು ಕೂರಿಸಿದ. ಹೆಸರುಗಳು ಓಡುತ್ತಿರುವಾಗ ನಡುವೆ ಮೂರನೇ ಭಾಗದ ಸುಳಿವು ತೋರಿಸಿದರು. ಇಡೀ ಥಿಯೇಟರು ಕೂಗಿತು. ಇಂದಿಗೂ ಮೂರನೆಯದು ಬಂದಿಲ್ಲ. ‘ಕಾಂತಾರ’ಕ್ಕೆ ಹೀಗೇ ಕಾದರೆ 2025ರ ಅಕ್ಟೋಬರ್ 2ರಂದು ಬಂದದ್ದು ಮುಂದಿನ ಕತೆಯಲ್ಲ, ಅದರ ಹಿಂದಿನ ಕತೆ.

ಮೊಮ್ಮಗನ ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದ್ದೂ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಆ ಸಿನಿಮಾ ಹತ್ತು ಭಾಷೆಗಳಲ್ಲಿ ಬಂದಿತ್ತು, ಕನ್ನಡವೂ ಒಂದು. ಮೈಸೂರಿನಲ್ಲಿ ಕನ್ನಡದ ಶೋ ಹುಡುಕಿ ಮೊಮ್ಮಗನ ಜೊತೆ ಹೋಗಿದ್ದೆ. ಅರವತ್ತರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಡಬ್ಬಿಂಗ್ ವಿರುದ್ಧ ಹೋರಾಡಿದರು, ಅಣ್ಣೋರೂ ಅವರ ಜೊತೆಗಿದ್ದರು. ನಾನು ಆ ಮಾತನ್ನು ಬದುಕಿಡೀ ಒಪ್ಪಿದವನು. ಇಂಗ್ಲೆಂಡಿನ ಜೇಮ್ಸ್ ಬಾಂಡ್‌ಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ನಮ್ಮವರು 999ನನ್ನು ಹುಟ್ಟಿಸಬೇಕಾಯಿತು, ಹುಟ್ಟಿಸಿದರು. ಆದರೆ ಪಕ್ಕದ ಸೀಟಿನಲ್ಲಿ ಮೊಮ್ಮಗ ಒಂದು ಮಾತನ್ನೂ ಬಿಡದೆ ನಕ್ಕಿದ್ದನ್ನು, ಅಪ್ಪ ಮಗನ ಮಾತಿಗೆ ಗಂಟಲು ಕಟ್ಟಿ ಕೂತದ್ದನ್ನು ನೋಡಿದಾಗ, ಇದು ಬೇಡವಿತ್ತು ಎನ್ನುವುದಕ್ಕೆ ನನ್ನಿಂದಾಗಲಿಲ್ಲ. ಈಗಲೂ ಆಗುವುದಿಲ್ಲ. ನನ್ನ ಕೊರಗು ಬೇರೆ. ಆ ಜೇಡನ ಗುಂಪಿನಲ್ಲಿ ಪವಿತ್ರ್ ಪ್ರಭಾಕರ್ ಎಂಬ ನಮ್ಮ ದೇಶದ ಹುಡುಗನೂ ಇದ್ದಾನೆ. ಆದರೆ ಕನ್ನಡದ ಮಕ್ಕಳಿಗೆಂದೇ ಹುಟ್ಟಿದ, ಕೊಲೆ ರಕ್ತವಿಲ್ಲದೆ ಗೆಲ್ಲುವ ಒಬ್ಬ ವೀರನನ್ನು 999ರ ನಂತರ ನಮ್ಮವರು ಇಷ್ಟು ಗಟ್ಟಿಯಾಗಿ ನಿಲ್ಲಿಸಲಿಲ್ಲ. ನಾನು ಕಾಯುತ್ತಿರುವ ಮುಂದಿನ ಭಾಗ ಅದು.

ಬೆಟ್ಟದ ಮೇಲೆ ಎಂದಿನಂತೆ ಮಂಜು, ಚಳಿ. ಪೂಜೆ ಮುಗಿಸಿ ಇಳಿಯುವ ಬಸ್ಸಿನಲ್ಲೂ ಆ ಹುಡುಗ ನಮ್ಮ ಮುಂದಿನ ಸೀಟಿನಲ್ಲೇ ಸಿಕ್ಕಿದ. ಮೊಮ್ಮಗ ‘ನಿಮ್ ಕಾಲದಲ್ಲಿ ಮುಂದಿನ್ದು ಬರದಿದ್ರ ಏನ್ ಮಾಡ್ತಿದ್ರಿ ತಾತ?’ ಎಂದ. ಬಿದಿರಿನ ಪಿಸ್ತೂಲು, ಕೊಳಲು, ಎಲ್ಲ ಹೇಳಿದೆ. ಮೂರನೇ ತಿರುವಿನಲ್ಲಿ ಬಂಡೆ ತೋರಿಸಲೆಂದು ಕಿಟಕಿಗೆ ಬೊಟ್ಟು ಮಾಡಿದರೆ ಬರೀ ಬಿಳಿ.

‘ಅಡ್ಡೆ ಅಲ್ಲೇ ಇರ್ಲಿ ತಾತ’ ಎಂದ.

ಮುಂದಿನ ಸೀಟಿನ ಹುಡುಗ ತಿರುಗಿದ. ‘ಅಲ್ಲಿ ಆನ ಅವ, ಆಗಲ್ಲ.’

‘ಆನ ಅವನ ಕಡೆವೇ ಕನಾ.’

‘ಯಾರ ಕಡೆವು? ಕಳ್ಳನ ಕಡೆವೋ, ಹೀರೋ ಕಡೆವೋ?’

ತಪ್ಪಲು ಬರುವವರೆಗೂ ಅದು ಇತ್ಯರ್ಥವಾಗಲಿಲ್ಲ.