ಮೂವರು ಮಲ್ಲಿಕಾರ್ಜುನರು

ವಚನಗಳಿಗೆ ಟ್ಯಾಗ್ ಹಚ್ಚುತ್ತ ಕೂತರೆ ನನಗೆ ಊಟದ ನೆನಪೂ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ವಚನಕ್ಕೆ ಒಂದೇ ಸಾಲು. ಪಕ್ಕದಲ್ಲಿ ಅಂಕಿತ, ವಚನಕಾರರ ಹೆಸರು, ಕಾಯಕ, ವಿಷಯ, ಸಂಪುಟ, ವಚನದ ಸಂಖ್ಯೆ. ಬಸವಕಲ್ಯಾಣದಲ್ಲಿದ್ದು ಇದಕ್ಕಿಂತ ಸುಖದ ಹವ್ಯಾಸ ನಾನು ಕಂಡಿಲ್ಲ.

ಓಲೆಗರಿಗಳು ಚದುರಿದವು, ನಕಲು ಮಾಡಿದವರ ಕೈ ಬದಲಾಯಿತು. ಅಂಕಿತ ಮಾತ್ರ ವಚನದ ಒಡಲಲ್ಲೇ ಉಳಿದು ಕರ್ತೃವನ್ನು ತೋರಿಸುತ್ತ ಬಂತು. ಹಾಗೆಂದು ಅದನ್ನು ಅವಸರದಲ್ಲಿ ಓದಬಾರದು. ‘ಮಲ್ಲಿಕಾರ್ಜುನ’ ಎಂದಷ್ಟೇ ಹುಡುಕಿದರೆ ಮೂವರಾದರೂ ಒಟ್ಟಿಗೆ ಎದ್ದು ಬರುತ್ತಾರೆ: ಚೆನ್ನಮಲ್ಲಿಕಾರ್ಜುನನ ಅಕ್ಕಮಹಾದೇವಿ, ಕಪಿಲಸಿದ್ಧ ಮಲ್ಲಿಕಾರ್ಜುನನ ಸಿದ್ಧರಾಮ, ನಿಃಕಳಂಕ ಮಲ್ಲಿಕಾರ್ಜುನನ ಮೋಳಿಗೆ ಮಾರಯ್ಯ. ಆಯ್ದಕ್ಕಿ ಮಾರಯ್ಯನದು ‘ಅಮರೇಶ್ವರಲಿಂಗ’. ಅದರ ಹಿಂದೆ ‘ಮಾರಯ್ಯಪ್ರಿಯ’ ಸೇರಿತೆಂದರೆ ಮಾತಾಡುತ್ತಿರುವವಳು ಅವನ ಹೆಂಡತಿ ಲಕ್ಕಮ್ಮ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಒಂದೊಂದನ್ನೂ ಬಿಡಿಸಿ ಅದರದರ ಮನೆಗೆ ಸೇರಿಸುವಾಗಿನ ಹಿಗ್ಗು ದೊಡ್ಡದು.

1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯವಾರು ಜೋಡಿಸಿದರು. 1993ರಲ್ಲಿ ಸರ್ಕಾರ ಹೊರತಂದ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳು ವಚನಕಾರರ ಪ್ರಕಾರ ಜೋಡಣೆಯಾದವು. ಅಚ್ಚಿನ ಪುಸ್ತಕ ಒಂದು ಕ್ರಮ ಹಿಡಿದರೆ ಇನ್ನೊಂದನ್ನು ಬಿಡಲೇಬೇಕು. ಟ್ಯಾಗಿನಲ್ಲಿ ಎರಡೂ ಸಿಗುತ್ತವೆ. ‘ಕಾಯಕ’ ಒತ್ತಿದರೆ ಹಗ್ಗ ಹೊಸೆದವನೂ ದೋಣಿ ನಡೆಸಿದವನೂ ಅಕ್ಕಿ ಆಯ್ದವಳೂ ಒಂದೇ ಪಂಕ್ತಿಗೆ ಬರುತ್ತಾರೆ. ಊರಿನ ಟ್ಯಾಗನ್ನೂ ನಾನು ಬಿಡುವುದಿಲ್ಲ: ನುಲಿಯ ಚಂದಯ್ಯನ ಸಾಲಿಗೆ ನಮ್ಮೂರಲ್ಲಿರುವ ಅವನ ಗವಿಯನ್ನೂ ಜೋಡಿಸಿದ್ದೇನೆ.

ನನ್ನದೊಂದು ಕಟ್ಟುನಿಟ್ಟಿದೆ. ವಚನವನ್ನು ಎರಡು ಕಡೆ ನಕಲು ಮಾಡುವುದಿಲ್ಲ. ಬೇರೆಡೆ ಬೇಕಾದರೆ ಸಂಪುಟ ಮತ್ತು ಸಂಖ್ಯೆಯ ಉಲ್ಲೇಖವಷ್ಟೇ. ಪಾಠ ತಿದ್ದುವ ದಿನ ಬಂದರೆ ಒಂದೇ ಕಡೆ ತಿದ್ದಿದರಾಯಿತು.

ಹುಮನಾಬಾದಿನ ಹತ್ತಿರದ ಮಾಣಿಕನಗರದ ಸಂತ ಮಾಣಿಕಪ್ರಭುಗಳ ಪದಗಳಿಗೆ ಕೈ ಹಾಕಿದಾಗ ಲೆಕ್ಕವೇ ತಿರುಗಿತು. ಕಲ್ಯಾಣದಲ್ಲಿ ಭಾಷೆ ಒಂದು, ಅಂಕಿತ ನೂರಾರು. ಮಾಣಿಕಪ್ರಭುಗಳದು (1817–1865) ಅಂಕಿತ ಒಂದೇ, ಭಾಷೆ ಹಲವು: ಮರಾಠಿ, ಕನ್ನಡ, ಹಿಂದಿ, ಸಂಸ್ಕೃತ. ಅಲ್ಲಿ ಭಾಷೆಗೇ ಪ್ರತ್ಯೇಕ ಟ್ಯಾಗ್ ಬೇಕು. ಗಡಿಸೀಮೆಯ ಸಂಗ್ರಹಕ್ಕೆ ಇದಿಲ್ಲದಿದ್ದರೆ ಅದು ಅರ್ಧ ಸಂಗ್ರಹವೇ.

ನಿಮ್ಮ ಮನೆಯಲ್ಲೂ ಅಜ್ಜನ ಭಜನೆಯ ವಹಿ ಇದ್ದೀತು. ರದ್ದಿಗೆ ಹಾಕುವ ಮುನ್ನ ತೆರೆಯಿರಿ; ಪ್ರತಿ ಪದದ ಅಂಕಿತ, ಭಾಷೆ, ಪುಟದ ಸಂಖ್ಯೆ, ಬರೆದವರ ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಗುರುತು ಹಾಕಿ ವಹಿಯೊಳಗೇ ಇಡಿ.