ಮಳೆಗಾಲದ ಬೆನ್ನಿಗೇ ಮೀನುಗಾಲ

ಉಡುಪಿಯಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಸಾಗಿದರೆ ಮಲ್ಪೆ. ಪ್ರವಾಸಿಗರು ಬೀಚಿನಲ್ಲಿ ಕಾಲು ತೋಯಿಸಿ, ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿ ಮರಳುತ್ತಾರೆ. ಮಕ್ಕಳಿಗೆ ತೋರಿಸಬೇಕಾದ ಇನ್ನೊಂದು ಮಲ್ಪೆಯೂ ಇದೆ. ಬಂದರಿನ ದಕ್ಷಿಣಕ್ಕೆ, ಒಂದು ಬದಿ ಉದ್ಯಾವರ ಹೊಳೆ, ಇನ್ನೊಂದು ಬದಿ ಅರಬ್ಬಿ ಸಮುದ್ರ. ನಡುವೆ ರಿಬ್ಬನ್ನಿನಂತೆ ಚಾಚಿದ ನೆಲವೇ ಪಡುಕೆರೆ. ಇಲ್ಲಿನ ಮನೆಗಳ ಲೆಕ್ಕಾಚಾರವೆಲ್ಲ ಕಡಲಿನ ಬಣ್ಣ ನೋಡಿಯೇ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿಯುಂಟು. ಆದರೆ ಕಾನೂನು ಬಿಟ್ಟರೂ ಅಲೆ ಬಿಡಬೇಕಲ್ಲ! ಅಳಿವೆ ಬಾಗಿಲಿನಲ್ಲಿ ಹೊಳೆಯ ನೆರೆಯೂ ಕಡಲ ತೆರೆಯೂ ಮುಖಾಮುಖಿಯಾಗುವಾಗ ದೋಣಿ ಮಗುಚಲು ಒಂದು ಕ್ಷಣ ಸಾಕು.

'ತೂಫಾನ್ ಆಗದೆ ಮೀನಿಲ್ಲ' ಎಂಬುದು ಕರಾವಳಿಯ ಮೀನುಗಾರರ ನಂಬಿಕೆ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ. ಮುಂಗಾರಿನ ಗಾಳಿಯಿಂದ ಮೇಲ್ಮೈ ನೀರು ತೀರದಿಂದಾಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಹೊಳೆಗಳೂ ಗೋಡು ಮಣ್ಣನ್ನು ತಂದು ಸುರಿಯುತ್ತವೆ. ಬಿಸಿಲು ಬಿದ್ದೊಡನೆ ಕಣ್ಣಿಗೆ ಕಾಣದ ಸಸ್ಯಜೀವಿಗಳು ಹೆಚ್ಚುತ್ತವೆ, ಅವುಗಳನ್ನು ತಿನ್ನಲು ಬೂತಾಯಿ ತೀರಕ್ಕೆ ಬರುತ್ತದೆ. ಬೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲವೂ ಇದೇ. ಹೊಳೆಯಲ್ಲಿ ಬೆಳೆದ ಸಿಗಡಿ ಮರಿಗಳು ಕಡಲಿಗೆ ಹೊರಡುವುದೂ ಈ ಮಳೆಯಲ್ಲೇ.

ನೂಲ ಹುಣ್ಣಿಮೆಗೆ ಸಮುದ್ರ ಪೂಜೆ. ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿದ ಬಳಿಕ ಬಂದರಿಗೆ ಜೀವ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಎಂದರೆ ಬೂತಾಯಿ, ಬಂಗುಡೆಯ ಸುಗ್ಗಿ. ಹಿಂದೆ ಇದು ರಂಪಣಿಯ ಕಾಲ. ದೋಣಿಯಲ್ಲಿ ಉದ್ದದ ಬಲೆಯನ್ನು ಅರ್ಧಚಂದ್ರಾಕಾರಕ್ಕೆ ಹಾಸಿ, ಎರಡೂ ತುದಿಗಳನ್ನು ಹತ್ತಾರು ಜನ ದಡಕ್ಕೆಳೆಯುತ್ತಿದ್ದರು. ಬಂದದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಪರ್ಸೀನ್ ಬಂದು ಮೀನನ್ನು ತೀರ ಮುಟ್ಟುವ ಮೊದಲೇ ಸುತ್ತುವರಿಯಿತು, ರಂಪಣಿ ಹಿಂದೆ ಸರಿಯಿತು. ಅದರ ಚಿಕ್ಕ ತಮ್ಮನಂತಿರುವ ಕೈರಂಪಣಿಯನ್ನು ಈಗಲೂ ಎಳೆಯುತ್ತಾರೆ. ಬೆಳಿಗ್ಗೆ ಬೇಗ ಎದ್ದವರಿಗೆ ಆ ನೋಟ ಸಿಗಬಹುದು. ಹಗ್ಗಕ್ಕೆ ಕೈಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ.

ಚಳಿಗಾಲದಲ್ಲಿ ನೀರು ತಿಳಿಯಾಗುತ್ತದೆ. ಕಾಣೆ, ನಂಗ್ ಮನೆಗೆ ಬರುವ ದಿನಗಳು. ಮಾರ್ಚ್ ಕಳೆದರೆ ಉಪ್ಪುನೀರು ಹೊಳೆಯೊಳಗೆ ಬಹುದೂರ ಏರುತ್ತದೆ, ತೀರದಲ್ಲಿ ಮೀನು ಅಪರೂಪ, ಬೆಲೆ ವಿಪರೀತ.

ಸಣ್ಣ ಕಣ್ಣಿನ ಬಲೆಗಳು ಎಳೆಯ ಮೀನನ್ನೂ ಬಿಡುತ್ತಿಲ್ಲ. ಬೂತಾಯಿ ಸುಮಾರು ಒಂದು ವರ್ಷದಲ್ಲಿ ಪ್ರೌಢವಾಗುತ್ತದೆ. ಅಷ್ಟು ದಿನ ಕಾಯುವ ವ್ಯವಧಾನವಿಲ್ಲದೆ ಮರಿಗಳನ್ನು ಮೀನುಹುಡಿಯ ಕಾರ್ಖಾನೆಗೆ ಸಾಗಿಸುವುದು ನಾಳಿನ ಅನ್ನವನ್ನು ಇಂದೇ ಒಣಗಿಸಿದಂತೆ. ಕೇಂದ್ರ ಸರಕಾರ 2017ರಲ್ಲಿ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಅದರ ಬಗ್ಗೆ ನಾಡದೋಣಿಯವರ ದೂರು ಮಾತ್ರ ನಿಂತಿಲ್ಲ.

ಮೇ ತಿಂಗಳಲ್ಲಿ ಪಡುಕೆರೆಯ ಅಂಗಳಗಳಲ್ಲಿ ಒಣಮೀನು ಹರಡುತ್ತದೆ. ಮಳೆಗಾಲದ ಸಾರಿಗೆ ಒಂದಿಷ್ಟು ಎತ್ತಿಟ್ಟು ಉಳಿದದ್ದನ್ನು ಮಾರಬೇಕು, ಏಕೆಂದರೆ ದುಡಿಮೆ ನಿಲ್ಲುವ ಜೂನ್ ತಿಂಗಳಲ್ಲೇ ಮಕ್ಕಳ ಪುಸ್ತಕ, ಕೊಡೆ, ಕಾಲೇಜಿನ ಶುಲ್ಕ ಎಲ್ಲವೂ ಒಟ್ಟಿಗೆ ಬರುತ್ತವೆ.